ಎಡಿನ್‌ಬರೋಗೆ ಓದ್ಲಿಕ್ಕೆ ಹೋಗ್ತಾ ಇದ್ದೇನೆ, ಅಲ್ಲಿ ಮಕ್ಕಳ ಜೊತೆ ಗುಡ್ಡ ಹತ್ಲಿಕ್ಕೆ ಬಿಡ್ತಾರಾ?

ಕಾಪು ದೀಪಸ್ತಂಭ | ಜುಲೈ 19, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನಾನು ಕಾಪುವಿನವಳು. ಸೆಪ್ಟೆಂಬರಿನಲ್ಲಿ ಎಡಿನ್‌ಬರೋಗೆ ಒಂದು ವರ್ಷದ ಎಂಎಸ್ಸಿಗೆ ಹೊರಟಿದ್ದೇನೆ. ವೀಸಾ ಇನ್ನೂ ಕೈಗೆ ಬಂದಿಲ್ಲ, ಅಮ್ಮ ಮಾತ್ರ ಕುಚ್ಚಲಕ್ಕಿ ಎಷ್ಟು ಕೆಜಿ ಹಿಡೀತದೆ ಅಂತ ಸೂಟ್‌ಕೇಸ್ ತೂಕ ಮಾಡ್ತಾ ಇದ್ದಾರೆ.

ನನ್ನ ಪ್ರಶ್ನೆ ಬೇರೆ. ಡಿಗ್ರಿಯಲ್ಲಿ ಇರುವಾಗ ಎರಡು ವರ್ಷ ನಮ್ಮೂರಿನ ಶಾಲೆಯ ಬೇಸಿಗೆ ಶಿಬಿರದಲ್ಲಿ ಮಕ್ಕಳ ಜೊತೆ ಇದ್ದೆ. ಪಿಲಿಕುಳ, ಪಡುಬಿದ್ರಿ ಬೀಚು, ಒಮ್ಮೆ ಗದ್ದೆಗೆ ಇಳಿಸಿ ಕೆಸರಲ್ಲಿ ಆಟ, ಹೀಗೆ. ಆ ಒಂದು ತಿಂಗಳು ನನಗೆ ಮಂಡೆಬಿಸಿ ಅನ್ನುವುದೇ ಇರ್ತಿರಲಿಲ್ಲ. ಅಲ್ಲಿಗೆ ಹೋದ ಮೇಲೂ ವಾರಕ್ಕೊಮ್ಮೆ ಹಾಗೆ ಏನಾದ್ರೂ ಮಾಡ್ಲಿಕ್ಕೆ ಆಗ್ತದಾ? ಗುಡ್ಡ, ಕ್ಯಾಂಪು, ಮಕ್ಕಳು. ದುಡ್ಡು ಬೇಡ. ಸ್ಟೂಡೆಂಟ್ ವೀಸಾದಲ್ಲಿ ಇದಕ್ಕೆ ಬಿಡ್ತಾರಾ, ಏನೇನು ಕಾಗದ ಬೇಕು?

ಅಮ್ಮನ ಪ್ರಶ್ನೆ: "ಬೇರೆಯವರ ಮಕ್ಕಳಿಗೆ ಏನಾದ್ರೂ ಆದ್ರೆ ಯಾರು ಹೊಣೆ?" ಇದಕ್ಕೂ ಉತ್ತರ ಬೇಕು. ಇಲ್ಲದಿದ್ರೆ ಅವರು ಈ ವಿಷಯ ಬಿಡುವುದಿಲ್ಲ.

ಬಂಗುಡೆ ಫ್ರೈ | ಜುಲೈ 19, ರಾತ್ರಿ 10.05

ಕುಚ್ಚಲಕ್ಕಿ ಅಲ್ಲಿ ಸಿಕ್ತದೆ. ಒಣ ಸಿಗಡಿ ಚಟ್ನಿ ಸಿಗುವುದಿಲ್ಲ. ಅಮ್ಮನಿಗೆ ಹೇಳಿ.

ಸಾಲದ ಕಂತು | ಜುಲೈ 19, ರಾತ್ರಿ 10.40

ಬೇಜಾರು ಮಾಡ್ಬೇಡಿ, ನೇರ ಹೇಳ್ತೇನೆ. ಲಕ್ಷಗಟ್ಟಲೆ ಸಾಲ ಮಾಡಿ ಒಂದೇ ವರ್ಷದ ಕೋರ್ಸಿಗೆ ಹೋಗುವುದು. ಮೂರು ತಿಂಗಳು ಕಣ್ಣು ಮುಚ್ಚಿ ಬಿಡುವುದರೊಳಗೆ ಹೋಗ್ತದೆ. ಉಳಿದ ಹೊತ್ತಲ್ಲಿ ಪಾರ್ಟ್‌ಟೈಮ್ ಕೆಲಸ ಹುಡುಕಿ, ಬ್ಯಾಂಕಿನವರು ಗುಡ್ಡ ಹತ್ತಿದ ಫೋಟೋ ನೋಡಿ ಬಡ್ಡಿ ಬಿಡುವುದಿಲ್ಲ. ನಾನು ಲೀಡ್ಸ್‌ನಲ್ಲಿ ಓದಿದವ. ವಾಲಂಟಿಯರಿಂಗ್ ಅಂತ ಹೋದವರಲ್ಲಿ ಅರ್ಧ ಜನ ರೆಸ್ಯೂಮೆಗೆ ಒಂದು ಸಾಲು ಸೇರಿಸ್ಲಿಕ್ಕೆ ಹೋದವರು.

ಗೊರಬು | ಜುಲೈ 20, ಬೆಳಿಗ್ಗೆ 7.15

ಕಂತಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ರೆಸ್ಯೂಮೆಗಾಗಿ ಹೋಗುವುದಾದ್ರೆ ಹೋಗ್ಬೇಡಿ. ಅಲ್ಲಿನ ಎಂಟು ವರ್ಷದ ಮಗು ಅದನ್ನು ಎರಡನೇ ವಾರಕ್ಕೇ ಕಂಡುಹಿಡೀತದೆ.

ನಾನು ಹೆಬ್ರಿಯವ. ಎಡಿನ್‌ಬರೋದಲ್ಲೇ ಎರಡು ವರ್ಷ ಇದ್ದೆ, ಓದು ಒಂದು ವರ್ಷ, ಕೆಲಸ ಒಂದು ವರ್ಷ. ಒಂದು ಸ್ಕೌಟ್ ಗುಂಪಿನಲ್ಲಿ ಮಂಗಳವಾರ ಸಂಜೆ ಎರಡು ಗಂಟೆ, ತಿಂಗಳಿಗೊಂದು ಶನಿವಾರ ಹೊರಗೆ. ಈಗ ಊರಲ್ಲಿದ್ದೇನೆ. ಮೊದಲು ಕಾಗದದ ಕತೆ ಮುಗಿಸ್ತೇನೆ.

ವೀಸಾ: ಬ್ರಿಟನ್ನಿನ ಸ್ಟೂಡೆಂಟ್ ವೀಸಾದಲ್ಲಿ ಪದವಿ ಮಟ್ಟದ ಓದಿಗೆ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅಲ್ಲಿ ವಾಲಂಟಿಯರಿಂಗ್ ಬೇರೆ, ವಾಲಂಟರಿ ವರ್ಕ್ ಬೇರೆ. ನಮ್ಮ ಕಿವಿಗೆ ಎರಡೂ ಒಂದೇ. ಒಪ್ಪಂದ ಇಲ್ಲದೆ, ಬಸ್ ಖರ್ಚು ಬಿಟ್ಟು ಬೇರೇನೂ ತಗೊಳ್ಳದೆ ಹೋಗುವುದು ಮೊದಲನೆಯದು, ಅದು 20 ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ಸಂಬಳ ಇಲ್ಲದಿದ್ರೂ "ಇಂತಿಷ್ಟು ಗಂಟೆ ಬರಲೇಬೇಕು" ಅಂತ ಒಪ್ಪಂದ ಇದ್ರೆ ಎರಡನೆಯದು, ಅದು ಲೆಕ್ಕಕ್ಕೆ ಬರ್ತದೆ. ಸೇರುವ ಮೊದಲು ಯೂನಿವರ್ಸಿಟಿಯ ವೀಸಾ ವಿಭಾಗಕ್ಕೆ ಒಂದು ಇಮೇಲ್ ಹಾಕಿ, ಬರಹದಲ್ಲಿ ಉತ್ತರ ಇಟ್ಕೊಳ್ಳಿ. ಬೀಳಬಾರದ ಇನ್ನೊಂದು ಗುಂಡಿ: "ಮಕ್ಕಳಿಗೆ ಕ್ಲೈಂಬಿಂಗ್ ಕಲಿಸಿ, ಗಂಟೆಗಿಷ್ಟು ಪೌಂಡ್ ಕೊಡ್ತೇವೆ" ಅಂತ ಯಾರಾದ್ರೂ ಕರೆದ್ರೆ ಕೂಡಲೇ ಹ್ಞೂಂ ಅನ್ಬೇಡಿ. ಈ ವೀಸಾದಲ್ಲಿ ವೃತ್ತಿಪರ ಕ್ರೀಡಾಪಟು ಆಗುವ ಹಾಗಿಲ್ಲ, ಆ ಮಾತಿನಡಿಯಲ್ಲಿ ಸ್ಪೋರ್ಟ್ಸ್ ಕೋಚ್ ಕೂಡ ಬರ್ತದೆ.

ತಪಾಸಣೆ: ಸ್ಕಾಟ್ಲೆಂಡಿನಲ್ಲಿ ಮಕ್ಕಳ ಜೊತೆ ಇಂಥ ಕೆಲಸ ಮಾಡುವವರಿಗೆ ಪಿವಿಜಿ ಅಂತ, ಹಿಂದಿನ ಅಪರಾಧ ದಾಖಲೆ ನೋಡಿ ಕೊಡುವ ಒಂದು ಸದಸ್ಯತ್ವ ಉಂಟು. 2025ರ ಏಪ್ರಿಲ್ 1ರಿಂದ ಕಾನೂನಿನ ಪ್ರಕಾರ ಕಡ್ಡಾಯ. ಇಂಗ್ಲೆಂಡ್, ವೇಲ್ಸಿನಲ್ಲಿ ಇದರ ಬದಲು ಡಿಬಿಎಸ್. ಅರ್ಜಿ ನೀವೇ ಹುಡುಕಿ ಹಾಕ್ಬೇಕಾಗಿಲ್ಲ, ಸೇರುವ ಗುಂಪೇ ಶುರು ಮಾಡ್ತದೆ. ಇಂಥ ಸ್ವಯಂಸೇವಾ ಗುಂಪುಗಳ ವಾಲಂಟಿಯರುಗಳಿಗೆ ಶುಲ್ಕ ಇಲ್ಲ. ಆದ್ರೆ ಅವರ ಕಂಪ್ಯೂಟರಿಗೆ ನಮ್ಮ ಊರಿನ ಪೊಲೀಸ್ ಠಾಣೆಯ ಪುಸ್ತಕ ಕಾಣುವುದಿಲ್ಲ ಅಲ್ವಾ? ಹಾಗಾಗಿ ಹೊರದೇಶದಿಂದ ಬಂದವರ ಹತ್ತಿರ ಊರಿನ ಪೊಲೀಸ್ ಕ್ಲಿಯರೆನ್ಸ್ ಕೇಳುವ ಗುಂಪುಗಳು ಬಹಳ. ಹೊರಡುವ ಮೊದಲೇ ಪಾಸ್‌ಪೋರ್ಟ್ ಸೇವಾದಲ್ಲಿ 500 ರೂಪಾಯಿ ಕಟ್ಟಿ ಮಾಡಿಸಿ. ನಾನು "ಅಲ್ಲಿ ಹೋಗಿ ನೋಡುವ" ಅಂತ ಹೋದೆ. ಅಲ್ಲಿಂದ ಅರ್ಜಿ ಹಾಕಿ ಕೈಗೆ ಬರುವಾಗ ಕ್ರಿಸ್‌ಮಸ್ ಮುಗಿದಿತ್ತು.

ಗುಡ್ಡದ ಕತೆ ಸಂಜೆ ಬರೀತೇನೆ. ಈಗ ತೋಟಕ್ಕೆ ಮದ್ದು ಬಿಡುವವರು ಬಂದಿದ್ದಾರೆ, ಮಳೆ ಸ್ವಲ್ಪ ಬಿಟ್ಟಿದೆ.

ಮಣಿಪಾಲದಮ್ಮ | ಜುಲೈ 20, ಬೆಳಿಗ್ಗೆ 11.20

ಈ ಪೊಲೀಸ್ ಕ್ಲಿಯರೆನ್ಸ್ ವಿಷಯ ಓದಿ ಒಂದು ಹಳೆ ಸಿಟ್ಟು ನೆನಪಾಯ್ತು. ನಾನು ಸಣ್ಣ ಮಕ್ಕಳ ಒಂದು ವಸತಿ ಕೇಂದ್ರಕ್ಕೆ ವಾರಕ್ಕೊಮ್ಮೆ ಪಾಠ ಹೇಳ್ಲಿಕ್ಕೆ ಹೋಗ್ತಿದ್ದೆ. ಅಲ್ಲಿಗೆ ಹೊರದೇಶದ ವಿದ್ಯಾರ್ಥಿಗಳು ಬರ್ತಿದ್ರು. ಒಳ್ಳೆ ಮಕ್ಕಳೇ, ಸುಳ್ಳು ಹೇಳ್ಬಾರ್ದು. ಎರಡು ವಾರ ಮಕ್ಕಳನ್ನು ಹೆಗಲ ಮೇಲೆ ಕೂರಿಸ್ಕೊಂಡು ಫೋಟೋ, ಕೊನೇ ದಿನ ಅಳು, ವಿಮಾನ. ಆಮೇಲೆ ಮೂರು ತಿಂಗಳು ಆರು ವರ್ಷದ ಹುಡುಗಿಯೊಬ್ಬಳು ಗೇಟಿನ ಹತ್ತಿರ ಹೋಗಿ "ಅಕ್ಕ ಯಾವಾಗ ಬರ್ತಾಳೆ" ಅಂತ ಕೇಳ್ತಿದ್ದಳು. ಅವರಲ್ಲಿ ಒಬ್ಬರ ಹತ್ತಿರವೂ ಯಾರೂ ಒಂದು ಕಾಗದ ಕೇಳಿರಲಿಲ್ಲ. ನನ್ನ ಹತ್ತಿರವೂ ಕೇಳಿರಲಿಲ್ಲ!

ನಮ್ಮಲ್ಲೂ ನಿಯಮ ಇಲ್ಲ ಅಂತಲ್ಲ. 2012ರ ಪೋಕ್ಸೋ ಕಾಯ್ದೆಯ ಕೆಳಗೆ 2020ರಲ್ಲಿ ಬಂದ ನಿಯಮಗಳಲ್ಲಿ ಸ್ಪಷ್ಟ ಉಂಟು. ಶಾಲೆ, ಕ್ರೀಡಾ ಅಕಾಡೆಮಿ, ಮಕ್ಕಳ ವಸತಿ, ಹೀಗೆ ಮಕ್ಕಳ ಜೊತೆ ನಿತ್ಯ ಸಂಪರ್ಕ ಇರುವ ಸಂಸ್ಥೆಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಾಗ ಮಾಡಿಸ್ಬೇಕು ಅಂತ. ಬೇಸಿಗೆ ಶಿಬಿರಕ್ಕೆ ಮಗುವನ್ನು ಬಿಡುವಾಗ "ತಿಂಡಿ ಏನು ಕೊಡ್ತೀರಿ" ಅಂತ ಕೇಳುವ ನಾವು ಇದನ್ನು ಕೇಳುವುದಿಲ್ಲ. ಕಾಪುವಿನ ಹುಡುಗಿ, ನೀವು ಹೋಗುವುದಾದ್ರೆ ವರ್ಷವಿಡೀ ಹೋಗಿ. ಒಂದು ವರ್ಷಕ್ಕೆ ಮಾತ್ರ ಬಂದವಳು ಅಂತ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ.

ಗೊರಬು | ಜುಲೈ 20, ರಾತ್ರಿ 8.30

ಮಣಿಪಾಲದಮ್ಮ ಹೇಳಿದ ಕೊನೇ ಮಾತು ಬರೆದಿಟ್ಕೊಳ್ಳಿ. ಈಗ ಗುಡ್ಡ.

ಸೇರಿದ ಮೊದಲ ವಾರ ನನಗೆ ಸಿಕ್ಕಿದ್ದು ಒಂದು ಹಳದಿ ಕಾರ್ಡು. ಅಲ್ಲಿನ ಸ್ಕೌಟ್ಸ್‌ನವರು ಎಲ್ಲ ದೊಡ್ಡವರಿಗೂ ಕೊಡ್ತಾರೆ. ಒಂದು ಮಗುವಿನ ಜೊತೆ ನೀನೊಬ್ಬನೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಮಕ್ಕಳಿಗೆ ಖಾಸಗಿಯಾಗಿ ಮೆಸೇಜ್ ಹಾಕಬಾರದು. ಮಗು ಏನಾದ್ರೂ ಗುಟ್ಟು ಹೇಳಿದ್ರೆ "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬಾರದು. ನಿಜ ಹೇಳ್ತೇನೆ, ನನಗೆ ಅವಮಾನ ಆಯ್ತು. ನಮ್ಮಲ್ಲಿ ಪಕ್ಕದ ಮನೆಯ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡೇ ಬೆಳೆದವರು ನಾವು, ಇವರು ನನ್ನನ್ನು ಕಳ್ಳನ ಹಾಗೆ ನೋಡ್ತಾರಲ್ಲ ಅಂತ. ಆ ಅವಮಾನ ಹೋಗ್ಲಿಕ್ಕೆ ಒಂದು ಶನಿವಾರ ಬೇಕಾಯ್ತು.

ನಗರದ ದಕ್ಷಿಣಕ್ಕೆ ಪೆಂಟ್‌ಲ್ಯಾಂಡ್ ಗುಡ್ಡಗಳು ಅಂತ ಉಂಟು. ಅದರಲ್ಲಿ ಅಲರ್‌ಮ್ಯೂರ್, 493 ಮೀಟರ್. ಕುದುರೆಮುಖ 1,890 ಮೀಟರಿಗೂ ಮೇಲೆ, ಕುಮಾರಪರ್ವತ 1,700 ದಾಟ್ತದೆ, ಎರಡೂ ಹತ್ತಿದವ ನಾನು. 493 ಅಂದ್ರೆ ನಮ್ಮ ಮನೆ ಹಿಂದಿನ ದರ್ಖಾಸು ಅಂತ ನಗಾಡಿದೆ. ಮಳೆ ಬರಬಹುದು ಅಂದ್ರು. ಇನ್ನೂ ನಗಾಡಿದೆ. ಎಡಿನ್‌ಬರೋದಲ್ಲಿ ವರ್ಷವಿಡೀ ಬೀಳುವ ಮಳೆ 700 ಮಿಲಿಮೀಟರ್ ಆಸುಪಾಸು, ನಮ್ಮಲ್ಲಿ 4,000. ಆಟಿ ಮಳೆಗೆ ಗೊರಬು ಹಾಕಿ ನೇಜಿ ನೆಟ್ಟ ಅಜ್ಜಿಯ ಮೊಮ್ಮಗನಿಗೆ ಮಳೆಯ ಹೆದರಿಕೆಯಾ? ಜೀನ್ಸ್ ಹಾಕ್ಕೊಂಡು ಹೋದೆ.

ಮಾರ್ಚು. ಹನ್ನೊಂದು ಮಕ್ಕಳು, ನಾವು ಮೂವರು ದೊಡ್ಡವರು. ಎಂಟರಿಂದ ಹತ್ತೂವರೆ ವರ್ಷದ ಮಕ್ಕಳ ಗುಂಪಿಗೆ ಹೊರಗೆ ಹೋಗುವಾಗ ಎಂಟು ಮಕ್ಕಳಿಗೆ ಒಬ್ಬರು ದೊಡ್ಡವರು ಬೇಕು, ಮುಂದಾಳು ಆ ಲೆಕ್ಕದ ಹೊರಗೆ. ಅರ್ಧ ದಾರಿಯಲ್ಲಿ ಮಂಜು ಇಳೀತು. ನಮ್ಮ ಆಗುಂಬೆಯ ಮಂಜಿನ ಹಾಗೆ ತಂಪು ತಂಪು ಅಲ್ಲ ಮಾರಾಯ್ರೆ, ಗಾಳಿಯ ಜೊತೆ ಅಡ್ಡ ಬರುವ ಪಿರಿಪಿರಿ ಮಳೆ, ಆರೇಳು ಡಿಗ್ರಿ. ನಮ್ಮ ಮಳೆ ನೆನೆಸ್ತದೆ ಅಷ್ಟೆ. ಅಲ್ಲಿನ ಮಳೆ ಮೈಯಿಂದ ಬಿಸಿಯನ್ನು ಕದ್ಕೊಂಡು ಹೋಗ್ತದೆ. ಹತ್ತಿ ಬಟ್ಟೆ ಒದ್ದೆಯಾದ್ರೆ ಆ ಗಾಳಿಗೆ ಒಣಗುವುದೇ ಇಲ್ಲ. ಇಪ್ಪತ್ತು ನಿಮಿಷದಲ್ಲಿ ನನ್ನ ತೊಡೆಗೆ ಸ್ಪರ್ಶವೇ ಇರಲಿಲ್ಲ, ಹಲ್ಲು ಕಟಕಟ. ಮುಂದಾಳು ಒಬ್ಬ ಹೆಂಗಸು, ಅರವತ್ತರ ಮೇಲಿನವರು. ತನ್ನ ಚೀಲದಿಂದ ಒಂದು ಹೆಚ್ಚುವರಿ ಮಳೆ ಪ್ಯಾಂಟು ತೆಗೆದು ಕೊಟ್ರು. ನೇರಳೆ ಬಣ್ಣದ್ದು, ಮೊಣಕಾಲಿನವರೆಗೆ ಮಾತ್ರ ಬಂತು. ಮಕ್ಕಳು ಬೊಬ್ಬೆ ಹಾಕಿ ನಗಾಡಿದ್ರು.

ದಾರಿ ತಪ್ಪಿತು ಅಂತ ನನಗೆ ಗೊತ್ತಾಯ್ತು. ಫೋನ್ ತೆಗೆದ್ರೆ ಚಳಿಗೆ ಬ್ಯಾಟರಿ ಸತ್ತಿದೆ. ಕೆಳಗೆ ಎಲ್ಲೋ ಕಾರುಗಳ ಸದ್ದು ಕೇಳ್ತಾ ಉಂಟು, "ಆ ಕಡೆಗೆ ಇಳಿಯುವ" ಅಂದೆ. ಮುಂದಾಳು ಬೇಡ ಅಂದ್ರು. ಎಲ್ಲರನ್ನೂ ಗಾಳಿಗೆ ಬೆನ್ನು ಹಾಕಿ ಕೂರಿಸಿ, ಮೇಲೆ ಒಂದು ದೊಡ್ಡ ಕಿತ್ತಳೆ ಬಣ್ಣದ ಗುಡಾರದ ಬಟ್ಟೆ ಎಳೆದು, ನಡುವೆ ನಕ್ಷೆ ಹಾಸಿ, ಮಕ್ಕಳ ಹತ್ತಿರ ಕೇಳಿದ್ರು: ನಾವೀಗ ಎಲ್ಲಿದ್ದೇವೆ?

ಒಬ್ಬಳು, ಒಂಬತ್ತು ವರ್ಷ ಇರಬೇಕು, ಲೆಕ್ಕ ಶುರು ಮಾಡಿದಳು. ಗೇಟು ದಾಟಿ ಎಷ್ಟು ಹೊತ್ತಾಯ್ತು, ಎಷ್ಟು ಹತ್ತಿದೆವು. ಅಲ್ಲಿ ನೇಯ್‌ಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿದ ಒಂದು ಲೆಕ್ಕ ಉಂಟು, ಈಗಿನ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಮಕ್ಕಳ ಕಾಲಿಗೆ ಅದರ ಮೇಲೆ ಸ್ವಲ್ಪ ಸೇರಿಸ್ಬೇಕು. ಇನ್ನೊಬ್ಬ ದಿಕ್ಸೂಚಿ ಹಿಡಿದ. ಇಬ್ಬರಿಗೂ ಜಗಳ. ಹದಿನೈದು ನಿಮಿಷ ಹೋಯ್ತು. ಮುಂದಾಳಿಗೆ ನಾವಿರುವ ಜಾಗ ಮೊದಲಿನಿಂದಲೇ ಗೊತ್ತಿತ್ತು, ನನಗದು ಆಮೇಲೆ ತಿಳೀತು. ಆದ್ರೂ ಅವರು ಬಾಯಿ ಬಿಡ್ಲಿಲ್ಲ, ಚಾಕಲೇಟ್ ಹಂಚ್ತಾ ಕೂತಿದ್ರು. ಕೊನೆಗೆ ಮಕ್ಕಳೇ ಒಂದು ದಿಕ್ಕು ತೀರ್ಮಾನ ಮಾಡಿ ನಡೆದ್ರು. ಸರಿಯಾಗಿ ಬೇಲಿ ಸಿಕ್ಕಿತು.

ಇಳಿದ ಮೇಲೆ ಕೇಳಿದೆ, ನಿಮಗೆ ಹೆದರಿಕೆ ಆಗ್ಲಿಲ್ವಾ? ಅವರು ಒಂದೊಂದಾಗಿ ಹೇಳಿದ್ರು. ಸ್ಕೌಟ್ಸ್‌ನ ಲೆಕ್ಕದಲ್ಲಿ ಈ ಗುಡ್ಡ ಅತ್ಯಂತ ಸುಲಭದ ವರ್ಗ: 500 ಮೀಟರಿಗಿಂತ ಕೆಳಗೆ, ಆಂಬುಲೆನ್ಸ್ ಬರುವಂಥ ರಸ್ತೆಯಿಂದಲೋ ಜನ ಇರುವ ಮನೆಯಿಂದಲೋ ಅರ್ಧ ಗಂಟೆಯೊಳಗೆ. ಇದಕ್ಕಿಂತ ಮೇಲೆ ಹೋಗ್ಬೇಕಾದ್ರೆ ಮುಂದಾಳಿಗೆ ಬೇರೆ ಪರ್ಮಿಟ್ ಬೇಕು, ರಾತ್ರಿ ಉಳಿಯಲಿಕ್ಕೆ ಮತ್ತೊಂದು. ಬಿಸಿ ಪಾನಕ ಉಂಟು, ಹೆಚ್ಚುವರಿ ಬಟ್ಟೆ ಉಂಟು, ಮನೆಯವರ ಸಹಿ ಉಂಟು, ನಾವು ಎಷ್ಟು ಗಂಟೆಗೆ ಇಳಿಯಬೇಕು ಅಂತ ಊರಲ್ಲಿ ಒಬ್ಬರಿಗೆ ಗೊತ್ತುಂಟು. "ಇಷ್ಟೆಲ್ಲ ಮಾಡಿದ್ದು ಯಾಕೆ? ಆ ಹದಿನೈದು ನಿಮಿಷ ಅವರನ್ನು ದಾರಿ ತಪ್ಪಿದವರ ಹಾಗೆ ಬಿಡ್ಲಿಕ್ಕೆ."

ಹಳದಿ ಕಾರ್ಡಿನ ಅವಮಾನ ಅಲ್ಲಿಗೆ ಹೋಯ್ತು. ನಾವು ಇಲ್ಲಿ ಮಕ್ಕಳಿಗೆ "ಹೋಗ್ಬೇಡ, ಬೀಳ್ತೀ, ಮುಟ್ಬೇಡ" ಅಂತ ಸಾವಿರ ಸಲ ಹೇಳ್ತೇವೆ. ಆಮೇಲೆ ಟೂರ್ ಹೋದಾಗ ಅರುವತ್ತು ಮಕ್ಕಳನ್ನು ಇಬ್ಬರು ಮೇಷ್ಟ್ರ ಕೈಗೆ ಕೊಟ್ಟು ಸಮುದ್ರಕ್ಕೆ ಇಳಿಸ್ತೇವೆ.

ಕಾಪು ದೀಪಸ್ತಂಭ | ಜುಲೈ 20, ರಾತ್ರಿ 9.10

ಜೀನ್ಸ್ ಸೂಟ್‌ಕೇಸಿನಿಂದ ತೆಗೆದೆ. ಎರಡು ಕೆಜಿ ಅಕ್ಕಿಗೆ ಜಾಗ ಆಯ್ತು.

ಕಾರ್ಲದ ಕಲ್ಲು | ಜುಲೈ 21, ಮಧ್ಯಾಹ್ನ 1.30

ಜರ್ಮನಿಗೆ ಹೋಗುವವರೂ ಇದನ್ನು ಓದಬಹುದು, ಅದಕ್ಕೆ ಸ್ವಲ್ಪ ಸೇರಿಸ್ತೇನೆ. ಇಲ್ಲಿ ಕೇಳುವುದು ಎರ್ವೈಟರ್ಟೆಸ್ ಫ್ಯೂರುಂಗ್ಸ್‌ತ್ಸೊಯ್ಗ್ನಿಸ್. ಇದನ್ನು ಒಂದೇ ಉಸಿರಲ್ಲಿ ಹೇಳಿದ್ರೆ ಭಾಷೆಯ ಅರ್ಧ ಪರೀಕ್ಷೆ ಪಾಸಾದ ಹಾಗೆ. ನಡತೆ ಪ್ರಮಾಣಪತ್ರದ ವಿಸ್ತೃತ ರೂಪ, ಮಕ್ಕಳ ಜೊತೆ ಇರುವವರಿಗೆ. ಸಂಘದವರು ಒಂದು ಪತ್ರ ಕೊಡ್ತಾರೆ, ಅದನ್ನು ಹಿಡ್ಕೊಂಡು ನಗರದ ಕಚೇರಿಗೆ ಹೋದ್ರೆ ಸ್ವಯಂಸೇವಕರಿಗೆ ಶುಲ್ಕ ಇಲ್ಲ.

ನಾನು ಆಲ್ಪೈನ್ ಕ್ಲಬ್ಬಿನ ಮಕ್ಕಳ ಗುಂಪಿನಲ್ಲಿ ಹಗ್ಗ ಹಿಡಿಯುವವ. 1869ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ಸಂಘ, ಊರೂರಲ್ಲಿ ಶಾಖೆ ಉಂಟು, ಗೋಡೆ ಹತ್ತುವ ಹಾಲ್‌ಗಳುಂಟು. ಒಂದು ವರ್ಷ ಕ್ಲಾಸಿಗೆ ಹೋಗಿ ಬಾರದ ಜರ್ಮನ್ ಮೂರು ತಿಂಗಳಲ್ಲಿ ಆ ಮಕ್ಕಳಿಂದ ಬಂತು. ದೊಡ್ಡವರು ನಮ್ಮ ತಪ್ಪು ವ್ಯಾಕರಣ ಕೇಳಿ ಸುಮ್ಮನಿರ್ತಾರೆ. ಏಳು ವರ್ಷದ ಹುಡುಗ ನಿಲ್ಲಿಸಿ ತಿದ್ದುತ್ತಾನೆ, ಅದೂ ನನ್ನ ಜೀವ ಅವನ ಕೈಯ ಗಂಟಿನಲ್ಲಿ ಇರುವಾಗ.

ಒಂದು ವಿಷಯ ಗೊರಬು ಬಿಟ್ಟಿದ್ದಾರೆ. ಉಣ್ಣಿ! ಹುಲ್ಲಲ್ಲಿ, ಪೊದೆಯಲ್ಲಿ ಕೂತ ಮೇಲೆ ಮೈ ನೋಡ್ಕೊಳ್ಳಿ. ಇಲ್ಲಿನ ಉಣ್ಣಿಯಿಂದ ಲೈಮ್ ಕಾಯಿಲೆ ಬರ್ತದೆ, ಸ್ಕಾಟ್ಲೆಂಡಿನಲ್ಲೂ ಉಂಟು. ಮಂಗನ ಕಾಯಿಲೆಯ ಊರಿನ ಕಡೆಯವರು ನಾವು, ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ್ದು, ನಮಗೆ ಉಣ್ಣಿ ಹೊಸತಲ್ಲ. ಆದ್ರೆ ಅಜ್ಜಿ ಮದ್ದು ಮಾಡ್ಬೇಡಿ: ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನ ನೇರ ಎಳೆಯುವುದು. ಆಮೇಲೆ ಕೆಲವು ವಾರ ಅಲ್ಲಿ ಕೆಂಪು ಬಳೆ ಹರಡ್ತದಾ ನೋಡುವುದು, ಹರಡಿದ್ರೆ ಡಾಕ್ಟರ್.

ಹಳೇ ಸ್ಕೌಟ್ ಮಾಸ್ಟ್ರು | ಜುಲೈ 21, ಸಂಜೆ 6.00

ಇಂಥಲ್ಲಿ ಬರೆದು ಅಭ್ಯಾಸ ಇಲ್ಲ, ಮೊಮ್ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ.

1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರನ್ನು ಕಟ್ಟಿಕೊಂಡು ಶಿಬಿರ ಮಾಡಿದ ಅಂತ ನಾನು ಮೂವತ್ತು ವರ್ಷ ಪಾಠ ಮಾಡಿದವನು. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಜಾಂಬೂರಿ ಆದಾಗ ನಿವೃತ್ತನಾಗಿದ್ದರೂ ಸ್ಕಾರ್ಫ್ ಹಾಕಿಕೊಂಡು ಹೋಗಿ ನಿಂತಿದ್ದೆ.

ಗೊರಬು ಅವರ ಬರಹ ಓದಿ ನಿದ್ದೆ ಬರಲಿಲ್ಲ. ನಾನು ಎಂಬತ್ತರ ದಶಕದಲ್ಲಿ ನಲವತ್ತು ಹುಡುಗರನ್ನು ಬೆಳ್ತಂಗಡಿಯ ಗಡಾಯಿಕಲ್ಲಿಗೆ ಹತ್ತಿಸಿದ್ದೇನೆ. ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ ಇರುವ ಆ ಬಂಡೆಗಲ್ಲು. ಕಲ್ಲಿನಲ್ಲೇ ಕಡಿದ ಮೆಟ್ಟಿಲು, ಕೆಲವು ಕಡೆ ಪಕ್ಕಕ್ಕೆ ನೋಡಿದರೆ ತಲೆ ತಿರುಗಬೇಕು. ನಾನೊಬ್ಬನೇ ಮೇಷ್ಟ್ರು. ಒಂದು ಪೀಪಿ, ಒಂದು ಕೊಡಪಾನ ನೀರು, ಅವಲಕ್ಕಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಶಾಲೆಯ ಕಪಾಟಿನಲ್ಲೇ ಬೀಗ ಹಾಕಿ ಇತ್ತು. ಇಳಿಯುವಾಗ ಮಳೆ ಬಂದು ಮೆಟ್ಟಿಲು ಜಾರತೊಡಗಿತು. ಹುಡುಗರು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಹಿಮ್ಮುಖವಾಗಿ ಇಳಿದರು. ಏನೂ ಆಗಲಿಲ್ಲ. ಆ ಹುಡುಗರು ಈಗಲೂ ಮದುವೆ ಮನೆಯಲ್ಲಿ ಸಿಕ್ಕಿದರೆ "ಸರ್, ಗಡಾಯಿಕಲ್ಲು ನೆನಪುಂಟಾ" ಎಂದು ಕೈ ಹಿಡಿದುಕೊಳ್ಳುತ್ತಾರೆ. ನನಗೂ ಹೆಮ್ಮೆಯೇ ಇತ್ತು, ನಿನ್ನೆಯವರೆಗೆ.

ಏನೂ ಆಗದಿದ್ದದ್ದು ನನ್ನ ಜಾಣತನದಿಂದ ಅಲ್ಲವಲ್ಲ. ಹಾಗಂತ ಕರೆದುಕೊಂಡು ಹೋಗಬಾರದಿತ್ತು ಎಂದೂ ನಾನು ಹೇಳಲಾರೆ. ಇವೆರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದು ಎಂದು ಗೊತ್ತಾಗುತ್ತಿಲ್ಲ.

ಸಾಲದ ಕಂತು | ಜುಲೈ 21, ಸಂಜೆ 6.45

ಸರ್, ಮೂರು ಜನ ಮೇಷ್ಟ್ರು, ಒಂದು ಹಗ್ಗ, ಒಂದು ಪೆಟ್ಟಿಗೆ ತಗೊಂಡು ಹೋಗಬಹುದಿತ್ತು. ಅಷ್ಟೇ ವ್ಯತ್ಯಾಸ. ಮಕ್ಕಳು ಅವರೇ, ಕಲ್ಲು ಅದೇ.

ಬಂಗುಡೆ ಫ್ರೈ | ಜುಲೈ 21, ರಾತ್ರಿ 11.15

ತಮಾಷೆ ಬಿಟ್ಟು ಒಂದು ವಿಷಯ. ನಾನು ಸಿಡ್ನಿಯಲ್ಲಿದ್ದೇನೆ, ಹೆಜಮಾಡಿಯವ. ಇಲ್ಲಿನ ಸರ್ಫ್ ಲೈಫ್ ಸೇವಿಂಗ್ ಕ್ಲಬ್‌ಗಳಲ್ಲಿ ನಿಪ್ಪರ್ಸ್ ಅಂತ ಒಂದು ಉಂಟು. ಐದು ವರ್ಷದಿಂದ ಹದಿಮೂರರವರೆಗಿನ ಮಕ್ಕಳು, ಬೇಸಿಗೆಯ ಭಾನುವಾರ ಬೆಳಿಗ್ಗೆ ಬೀಚಿನಲ್ಲಿ. ತಲೆಗೆ ಬಣ್ಣದ ಟೊಪ್ಪಿ. ಓಡುವುದು, ಹಲಗೆ ಹಿಡಿದು ಅಲೆಗೆ ಹೋಗುವುದು, ಅದರ ಜೊತೆ ಸಮುದ್ರ ಓದುವುದು. ಎಲ್ಲ ಕಡೆ ಅಲೆ ಒಡೆಯುವಾಗ ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನೆ, ಸ್ವಲ್ಪ ಕಪ್ಪಾಗಿ ಕಾಣ್ತದೆ, ಅಲ್ವಾ? ನಾವು "ಅಲ್ಲಿ ಅಲೆ ಕಡಿಮೆ, ಅಲ್ಲೇ ಇಳಿಯುವ" ಅಂತೇವೆ. ಅದೇ ಒಳಗೆ ಎಳೆಯುವ ಹರಿವು. ಇದನ್ನು ಇಲ್ಲಿ ಎಂಟು ವರ್ಷದ ಹುಡುಗಿ ನನಗೆ ಬೆರಳು ತೋರಿಸಿ ಹೇಳಿದಳು. ಎಳೆದ್ರೆ ಹರಿವಿಗೆ ಎದುರಾಗಿ ದಡದ ಕಡೆ ಈಜಿ ಸುಸ್ತಾಗ್ಬೇಡ, ತೇಲು, ಕೈ ಎತ್ತು ಅಂತಲೂ.

ನಾನು ಸಮುದ್ರದಿಂದ ಇನ್ನೂರು ಮೀಟರಿನಲ್ಲಿ ಹುಟ್ಟಿದವ, ನನಗೆ ಇಪ್ಪತ್ತಾರು ವರ್ಷ ಆಗಿತ್ತು ಇದು ಗೊತ್ತಾಗುವಾಗ.

ಮಕ್ಕಳ ಜೊತೆ ನೀರಿಗಿಳಿದು ಕಾಯುವವರಲ್ಲಿ ಒಬ್ಬನಾಗ್ಬೇಕು ಅಂತ ಬ್ರಾಂಜ್ ಮೆಡಾಲಿಯನ್ ಎಂಬ ಜೀವರಕ್ಷಕರ ಪ್ರಮಾಣಪತ್ರ ತಗೊಳ್ಳಲು ಹೊರಟೆ. ಅದಕ್ಕೆ 400 ಮೀಟರ್ ಒಂಬತ್ತು ನಿಮಿಷದೊಳಗೆ ಈಜ್ಬೇಕು. ನನಗೆ ಮೊದಲ ಸಲ ಹದಿನಾಲ್ಕು ನಿಮಿಷ ಬೇಕಾಯ್ತು, ಅದರಲ್ಲಿ ಎರಡು ನಿಮಿಷ ಗೋಡೆ ಹಿಡ್ಕೊಂಡಿದ್ದೆ. ಪಾಸಾಗ್ಲಿಕ್ಕೆ ಏಳು ತಿಂಗಳು. ಅಲ್ಲಿಯವರೆಗೆ ದಡದಲ್ಲಿ ಟೊಪ್ಪಿ ಲೆಕ್ಕ ಮಾಡುವ ಕೆಲಸ, ನೀರಿಗೆ ಹೋದವು ಎಷ್ಟು, ಬಂದವು ಎಷ್ಟು. ಅದೂ ಸಣ್ಣ ಕೆಲಸ ಅಲ್ಲ. ಕಾಗದ: ಇಲ್ಲಿ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್, ಪ್ರತಿ ರಾಜ್ಯಕ್ಕೂ ಬೇರೆ. ನಮ್ಮ ನ್ಯೂ ಸೌತ್ ವೇಲ್ಸಿನಲ್ಲಿ ಸ್ವಯಂಸೇವಕರಿಗೆ ಉಚಿತ, ಐದು ವರ್ಷ ನಡೀತದೆ.

ಮಲ್ಪೆ ಬಂದರು | ಜುಲೈ 22, ಬೆಳಿಗ್ಗೆ 8.10

ಬೋಟು ಮೇಲೆ ಬಿದ್ದಿದೆ, ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ, ಹಾಗಾಗಿ ಇದನ್ನೆಲ್ಲ ಓದ್ಲಿಕ್ಕೆ ಪುರುಸೊತ್ತು.

ಕಡಲ ಮಕ್ಕಳಿಗೆ ಈಜು ಹುಟ್ಟಿನಿಂದಲೇ ಬರ್ತದೆ ಅಂತ ಪೇಟೆಯವರು ಹೇಳುವುದು. ಬರುವುದಿಲ್ಲ. ನಮ್ಮ ಬೋಟಿನಲ್ಲಿ ಇರುವವರಲ್ಲೇ ಈಜು ಬಾರದವರಿದ್ದಾರೆ. ನನ್ನ ಹೆಂಡತಿಯ ಅಣ್ಣ ಸಮುದ್ರದಲ್ಲಿ ಹೋದ, ಅದಕ್ಕೆ ಮಗನನ್ನು ನೀರಿನ ಹತ್ತಿರ ಬಿಡುವುದಿಲ್ಲ. ಮಗನಿಗೆ ಈಗ ಹನ್ನೊಂದು. ನಿನ್ನೆ ಬಂಗುಡೆಯವರು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ, ಆ ಕಪ್ಪು ಪಟ್ಟಿಯ ವಿಷಯ. ಅವಳು ಹೇಳಿದ್ದು: "ಅದು ನನಗೂ ಗೊತ್ತುಂಟು, ಅಪ್ಪ ಹೇಳ್ತಿದ್ರು." ಹದಿಮೂರು ವರ್ಷ ಮದುವೆಯಾಗಿ ನನಗೆ ಹೇಳಿರಲಿಲ್ಲ. ಮಗನಿಗೂ ಹೇಳಿರಲಿಲ್ಲ. ಬೆಳಗಾದ ಕೂಡಲೇ ಮೂವರೂ ದಡಕ್ಕೆ ಹೋಗಿ ನೋಡಿದೆವು, ನೀರಿಗೆ ಇಳೀಲಿಲ್ಲ, ಈ ಮಳೆಗಾಲದಲ್ಲಿ ಇಳಿಯುವ ಹಾಗೂ ಇಲ್ಲ. ಎರಡು ಕಡೆ ಕಾಣ್ತದೆ ಅಂತ ಅವಳು ತೋರಿಸಿದಳು.

ಕುಂದಾಪ್ರದ ಹೆಣ್ | ಜುಲೈ 22, ಬೆಳಿಗ್ಗೆ 9.00

ಹೋಯ್, ಇದನ್ನ್ ಓದಿ ನಂಗೆ ಕಣ್ಣಲ್ ನೀರ್ ಬಂತ್ ಮರಾಯ್ರೆ.

ಗೊರಬು | ಜುಲೈ 22, ರಾತ್ರಿ 9.20

ಕಾಪುವಿನ ಅಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಹೊಣೆ ಯಾರು?

ಅವರಿಗೂ ಈ ಬುದ್ಧಿ ಸುಮ್ಮನೆ ಬಂದದ್ದಲ್ಲ. 1993ರ ಮಾರ್ಚಿನಲ್ಲಿ ಇಂಗ್ಲೆಂಡಿನ ಲೈಮ್ ಬೇಯಲ್ಲಿ ಶಾಲೆಯ ಮಕ್ಕಳು ಒಂದು ಸಾಹಸ ಕೇಂದ್ರದ ಮೂಲಕ ಕಯಾಕಿನಲ್ಲಿ ಸಮುದ್ರಕ್ಕೆ ಹೋಗಿ ನಾಲ್ವರು ತೀರಿಕೊಂಡ್ರು. ಕೇಂದ್ರ ನಡೆಸುತ್ತಿದ್ದ ಕಂಪನಿಯ ನಿರ್ದೇಶಕನಿಗೆ ಜೈಲಾಯ್ತು. 1995ರಲ್ಲಿ ಕಾನೂನು ಬಂತು, ದುಡ್ಡು ತಗೊಂಡು ಮಕ್ಕಳಿಗೆ ಇಂಥ ಸಾಹಸ ಮಾಡಿಸುವ ಕೇಂದ್ರಗಳಿಗೆ ಲೈಸೆನ್ಸ್ ಶುರುವಾಯ್ತು. ತಮ್ಮದೇ ಸದಸ್ಯರನ್ನು ಕರ್ಕೊಂಡು ಹೋಗುವ ಸ್ವಯಂಸೇವಾ ಸಂಘಗಳಿಗೆ ಆ ಲೈಸೆನ್ಸ್ ಬೇಡ, ಆದ್ರೆ ಸ್ಕೌಟ್ಸ್‌ನವರು ತಮ್ಮದೇ ಪರ್ಮಿಟ್ ಪದ್ಧತಿ ಇಟ್ಟಿದ್ದಾರೆ, ವಿಮೆ ಇಟ್ಟಿದ್ದಾರೆ. ಹೊಸದಾಗಿ ಹೋದ ನಿಮ್ಮ ತಲೆ ಮೇಲೆ ಒಂದು ಗುಂಪನ್ನು ಯಾರೂ ಹಾಕುವುದಿಲ್ಲ. ಮೊದಲು ಗಂಟು ಕಟ್ಟುವುದು, ಬಿಸ್ಕೆಟ್ ಹಂಚುವುದು. ಯಾರಾದ್ರೂ ಮೊದಲ ವಾರವೇ "ಈ ಎಂಟು ಮಕ್ಕಳನ್ನು ನೀನು ಕರ್ಕೊಂಡು ಹೋಗು" ಅಂದ್ರೆ ಆ ಗುಂಪು ಬಿಟ್ಟು ಬನ್ನಿ.

ಇನ್ನು ಅಲ್ಲಿ ನಿಮ್ಮ ಹತ್ತಿರ ಕೊಡ್ಲಿಕ್ಕೆ ಏನುಂಟು ಅಂತ ಸಂಕೋಚ ಬೇಡ. ನಗರದ ನಡುವೆ ಆರ್ಥರ್ಸ್ ಸೀಟ್ ಗುಡ್ಡ ಉಂಟಲ್ಲ, ಸತ್ತ ಜ್ವಾಲಾಮುಖಿ. ಅದರ ದಕ್ಷಿಣ ಬದಿಯಲ್ಲಿ ಸ್ಯಾಮ್ಸನ್ಸ್ ರಿಬ್ಸ್ ಅಂತ ಕಂಬ ಕಂಬದ ಕಲ್ಲು. ಅದನ್ನು ಮೊದಲ ಸಲ ಕಂಡಾಗ "ಅರೆ, ಇದು ನಮ್ಮ ಸೈಂಟ್ ಮೇರೀಸ್" ಅಂದೆ. ಮಕ್ಕಳಿಗೆ ಮಲ್ಪೆಯ ದ್ವೀಪದ ಫೋಟೋ ತೋರಿಸಿದೆ. ಲಾವಾ ತಣ್ಣಗಾಗುವಾಗ ಕುಗ್ಗಿ ಹೀಗೆ ಮೂಲೆಮೂಲೆಯಾಗಿ ಸೀಳುತ್ತದೆ ಅಂತ ಹೇಳಿದೆ. ಅಲ್ಲಿಯದ್ದು ಸುಮಾರು 34 ಕೋಟಿ ವರ್ಷ ಹಳತು, ನಮ್ಮದು 8.8 ಕೋಟಿ, ಮಡಗಾಸ್ಕರ್ ನಮ್ಮಿಂದ ಬಿಟ್ಟು ಹೋಗುವ ಕಾಲದ್ದು. ಒಬ್ಬ ಹುಡುಗ ಫೋಟೋ ತುಂಬಾ ಹೊತ್ತು ನೋಡಿ ಕೇಳಿದ: "ನಿಮ್ಮದು ಚಿಕ್ಕದು ಅಲ್ವಾ, ನಮ್ಮದು ಅಜ್ಜ?" ಹೌದು ಅಂದೆ.

ಲಗೋರಿ ಕಲಿಸಿ. ಚಪ್ಪಟೆ ಕಲ್ಲು ಅಲ್ಲಿ ಬೇಕಾದಷ್ಟು. ನಾನು ಬಂದ ಮೇಲೂ ಅವರು ಆಡ್ತಾ ಇದ್ದಾರಂತೆ.

ಕಾಪು ದೀಪಸ್ತಂಭ | ಜುಲೈ 22, ರಾತ್ರಿ 9.45

ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. "ಹಾಗಾದ್ರೆ ಸರಿ, ಆದ್ರೆ ನೀರಿಗೆ ಇಳೀಬೇಡ" ಅಂದ್ರು. ಪೊಲೀಸ್ ಕ್ಲಿಯರೆನ್ಸಿಗೆ ಅರ್ಜಿ ಹಾಕಿದ್ದೇನೆ.

ಕಾಪು ದೀಪಸ್ತಂಭ | ನವೆಂಬರ್ 16, ರಾತ್ರಿ 1.20 (ಊರಿನ ಗಂಟೆ)

ಈ ಚರ್ಚೆಯನ್ನು ಮತ್ತೆ ಮೇಲೆ ತಂದದ್ದಕ್ಕೆ ಕ್ಷಮೆ ಇರಲಿ.

ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಪಿವಿಜಿ ಹೋದ ವಾರ ಬಂತು. ಮೊದಲ ಮಂಗಳವಾರ ಮುಗೀತು, ಬಿಸ್ಕೆಟ್ ಹಂಚಿದೆ, ಬೋಲೈನ್ ಗಂಟು ಒಬ್ಬ ಹುಡುಗಿ ನನಗೆ ಮೂರು ಸಲ ಕಲಿಸಿದಳು. ನಾನು ಒಂದು ವರ್ಷಕ್ಕೆ ಬಂದವಳು ಅಂತ ಮೊದಲೇ ಹೇಳಿದೆ. "ಹಾಗಾದ್ರೆ ಮೇ ತಿಂಗಳ ಕ್ಯಾಂಪಿಗೆ ಇರ್ತೀರಿ" ಅಂತ ಅವಳೇ ಬೆರಳು ಮಡಚಿ ಲೆಕ್ಕ ಮಾಡಿದಳು.

ತುರ್ತು ಪ್ರಶ್ನೆ. ಮುಂದಿನ ವಾರ ಲಗೋರಿ ಅಂತ ಒಪ್ಪಿಕೊಂಡು ಬಂದೆ. ಕಲ್ಲು ಬೀಳಿಸ್ಲಿಕ್ಕೆ ಎಸೆದ ಚೆಂಡು ಪುಟಿದು ಎದುರಿನವರು ಕ್ಯಾಚ್ ಹಿಡಿದ್ರೆ ಎಸೆದವ ಔಟಾ, ಇಡೀ ತಂಡ ಔಟಾ? ನಮ್ಮ ಶಾಲೆಯಲ್ಲಿ ಎಸೆದವ ಮಾತ್ರ. ನನ್ನ ಫ್ಲಾಟಿನಲ್ಲಿರುವ ಸುರತ್ಕಲ್‌ನವಳು ಇಡೀ ತಂಡ ಅಂತಾಳೆ.

ಬಂಗುಡೆ ಫ್ರೈ | ನವೆಂಬರ್ 16, ಬೆಳಿಗ್ಗೆ 5.30

ಎಸೆದವ ಮಾತ್ರ. ಸುರತ್ಕಲ್‌ನವರಿಗೆ ಲಗೋರಿ ಗೊತ್ತಿಲ್ಲ.

ಹಳೇ ಸ್ಕೌಟ್ ಮಾಸ್ಟ್ರು | ನವೆಂಬರ್ 16, ಬೆಳಿಗ್ಗೆ 8.10

ಪುಟಿದ ಮೇಲೆ ಹಿಡಿದರೆ ಅದು ಕ್ಯಾಚೇ ಅಲ್ಲ. ನೆಲಕ್ಕೆ ಬಡಿಯುವ ಮೊದಲು ಹಿಡಿದರೆ ಮಾತ್ರ. ನಾನು ಮೂವತ್ತು ವರ್ಷ ಆಡಿಸಿದ್ದೇನೆ.

ಮಲ್ಪೆ ಬಂದರು | ನವೆಂಬರ್ 16, ಬೆಳಿಗ್ಗೆ 8.25

ಮಾಸ್ಟ್ರೇ, ನಮ್ಮಲ್ಲಿ ಒಂದು ಪುಟ ಬಿಡ್ತಾರೆ. ಮಗನ ಹತ್ತಿರ ಕೇಳಿ ಹೇಳ್ತೇನೆ, ಅವ ಈಗ ಈಜು ಕ್ಲಾಸಿಗೆ ಹೋಗಿದ್ದಾನೆ, ಹತ್ತು ಗಂಟೆಗೆ ಬರ್ತಾನೆ.